ಇಂಟರ್ವ್ಯೂ ಮುಗೀತು, ಉತ್ತರ ಬರಲಿಲ್ಲ: ರಾಜೀನಾಮೆ ಕೊಡಲಾ?

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ರೌಂಡ್ ಮುಗಿಸಿದೆ. ಕೊನೆಗೆ ಎಚ್‌ಆರ್ ಸಂಬಳದ ಮಾತೂ ಆಡಿ, 'ಈ ವಾರ ತಿಳಿಸ್ತೀವಿ' ಅಂದರು. ತಿಂಗಳಾಯಿತು. ವಾಟ್ಸಾಪ್‌ನಲ್ಲಿ ಬ್ಲೂ ಟಿಕ್ ಬರುತ್ತೆ, ಉತ್ತರ ಬರಲ್ಲ. ನನ್ನ ನೋಟಿಸ್ ಪೀರಿಯಡ್ 90 ದಿನ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಇಲ್ಲೇ ಕೆಲಸ ಮಾಡಬೇಕು. ಈಗಲೇ ರಾಜೀನಾಮೆ ಕೊಟ್ಟುಬಿಟ್ಟರೆ ಆಫರ್ ಬೇಗ ಆಗುತ್ತಾ? ಪದೇ ಪದೇ ಕೇಳಿದರೆ ಬ್ಲ್ಯಾಕ್‌ಲಿಸ್ಟ್ ಮಾಡ್ತಾರಾ?

ಉತ್ತರ: ಕೊಡಬೇಡಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತೆ. ಇದ್ದ ಕೆಲಸ ಬಿಟ್ಟು ಬರಿಗೈಲಿ ನಿಂತವರನ್ನು ನಾನು ನೋಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ.

ಒಳಗೆ ಏನಾಗುತ್ತೆ ಕೇಳಿ. ನೇಮಕಾತಿ ಸಾಫ್ಟ್‌ವೇರಿನಲ್ಲಿ ನಿಮ್ಮ ಹೆಸರಿನ ಮುಂದೆ 'ಇಂಟರ್ವ್ಯೂ ಕಂಪ್ಲೀಟೆಡ್' ಅಂತ ಇರುತ್ತೆ. ಅದನ್ನು 'ರಿಜೆಕ್ಟೆಡ್' ಅಂತ ಬದಲಿಸಿದರೆ ಸಾಮಾನ್ಯವಾಗಿ ನಿಮಗೆ ಮೇಲ್ ಹೋಗುತ್ತೆ. ಎಷ್ಟೋ ಕಡೆ ಬೇಕಂತಲೇ ಬದಲಿಸುವುದಿಲ್ಲ. ಮೊದಲನೇ ಆಯ್ಕೆಯವರಿಗೆ ಆಫರ್ ಹೋಗಿರುತ್ತೆ, ಅವರಿಗೂ 90 ದಿನದ ನೋಟಿಸ್. ಅಷ್ಟರಲ್ಲಿ ಅವರು ಇನ್ನೊಂದು ಆಫರ್ ಹಿಡಿದು ಕೈಕೊಟ್ಟರೆ? ಅದಕ್ಕೇ ಎರಡನೆಯವರನ್ನು 'ಇಲ್ಲ' ಅನ್ನದೆ ಹಾಗೇ ಇಟ್ಟುಕೊಳ್ಳುತ್ತಾರೆ. ಆ ಎರಡನೆಯವರು ನೀವೇ ಇರಬಹುದು. ಇಲ್ಲವೇ ಆ ಹುದ್ದೆಯ ಬಜೆಟ್ಟೇ ನಿಂತಿರಬಹುದು, ಎಚ್‌ಆರ್‌ಗೆ ಅದನ್ನು ಹೇಳುವ ಅನುಮತಿ ಇರುವುದಿಲ್ಲ.

ಕನ್ಸಲ್ಟೆನ್ಸಿ, ಅಂದರೆ ಕಂಪನಿಗೆ ಜನ ಹುಡುಕಿಕೊಡುವ ಏಜೆನ್ಸಿ, ಮೂಲಕ ಹೋಗಿದ್ದರೆ ಇನ್ನೂ ಕಷ್ಟ. ನೀವು ಸೇರಿದರೆ ಮಾತ್ರ ಅವರಿಗೆ ಕಂಪನಿಯಿಂದ ಕಮಿಷನ್. ವರ್ಷದ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ದರ. ಆಯ್ಕೆಯಾಗದವರಿಗೆ ಫೋನ್ ಮಾಡಿದರೆ ಅವರಿಗೆ ಒಂದು ರೂಪಾಯಿಯೂ ಹುಟ್ಟಲ್ಲ.

'ಸಾವಿರಾರು ಅರ್ಜಿ ಬರುತ್ತೆ, ಎಲ್ಲರಿಗೂ ಹೇಗೆ ಹೇಳೋದು' ಅನ್ನುವ ಕಂಪನಿಗಳ ಮಾತನ್ನು ನಾನು ಒಪ್ಪಲ್ಲ. ಅರ್ಜಿ ಸಾವಿರ ಇರಬಹುದು, ಕೊನೆಯ ರೌಂಡಿಗೆ ಬಂದವರು ಬೆರಳೆಣಿಕೆಯಷ್ಟು ಜನ. ರಜೆ ಹಾಕಿ, ಮನೆಯವರಿಗೆಲ್ಲ ಹೇಳಿ ಬಂದವರು ಅವರು. ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಕೆನಡಾದ ಒಂಟಾರಿಯೋದಲ್ಲಿ 2026ರ ಜನವರಿ 1ರಿಂದ ಇದು ನಿಯಮವೇ ಆಗಿದೆ. 25 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಜಾಹೀರಾತು ಕೊಟ್ಟು ಇಂಟರ್ವ್ಯೂ ಮಾಡಿದರೆ, ಕೊನೆಯ ಇಂಟರ್ವ್ಯೂ ಆದ 45 ದಿನದೊಳಗೆ ತೀರ್ಮಾನ ಆಯಿತೋ ಇಲ್ಲವೋ ಅಂತ ಅಭ್ಯರ್ಥಿಗೆ ತಿಳಿಸಬೇಕು. ನಮ್ಮಲ್ಲಿ ಅಂಥ ನಿಯಮ ಇಲ್ಲ.

ಈಗ ನೀವು ಮಾಡಬೇಕಾದ್ದು. ವಾಟ್ಸಾಪ್ ಬಿಡಿ, ಮೇಲ್ ಹಾಕಿ. ಹುದ್ದೆಯ ಹೆಸರು, ಕೊನೆಯ ರೌಂಡಿನ ತಾರೀಖು, ಆಮೇಲೆ ಒಂದೇ ಪ್ರಶ್ನೆ: 'ಈ ಹುದ್ದೆಗೆ ನನ್ನನ್ನು ಇನ್ನೂ ಪರಿಗಣಿಸುತ್ತಿದ್ದೀರಾ?' ವಾರ ಬಿಟ್ಟು ಇನ್ನೊಂದು ಮೇಲ್. ಅದಕ್ಕೂ ಉತ್ತರ ಇಲ್ಲ ಅಂದರೆ ಆ ಕೆಲಸ ಸಿಗಲ್ಲ ಅಂತಲೇ ತಿಳಿದು ಮುಂದೆ ಹೋಗಿ. ಎರಡು ಮೇಲ್‌ಗೆ ಯಾರೂ ಬ್ಲ್ಯಾಕ್‌ಲಿಸ್ಟ್ ಮಾಡಲ್ಲ, ದಿನಾ ಫೋನ್ ಮಾಡಿದರೆ ಮಾತ್ರ ಬೇಜಾರಾಗುತ್ತಾರೆ. ಮುಂದಿನ ಸಲ ಇಂಟರ್ವ್ಯೂ ಕಾಲ್ ಮುಗಿಸುವ ಮೊದಲೇ ಕೇಳಿ: ಯಾವ ತಾರೀಖಿನೊಳಗೆ ಹೇಳ್ತೀರಿ, ಯಾರಿಗೆ ಮೇಲ್ ಹಾಕಲಿ?

ರಾಜೀನಾಮೆ ಕೊಡುವ ಮೊದಲು ಕಂಪನಿಯ ಸ್ವಂತ ಮೇಲ್ ವಿಳಾಸದಿಂದ ಆಫರ್ ಲೆಟರ್ ಬಂದಿರಬೇಕು. ಅದರಲ್ಲಿ ಸಂಬಳದ ಪೂರ್ತಿ ವಿವರ, ಸೇರುವ ದಿನಾಂಕ ಎರಡೂ ಇರಬೇಕು. 'ಲೆಟರ್ ಆಫ್ ಇಂಟೆಂಟ್' (ಕೆಲಸ ಕೊಡುವ ಉದ್ದೇಶವಿದೆ ಅಂತ ಹೇಳುವ ಪತ್ರ ಮಾತ್ರ) ನಂಬಿ ಕೆಲಸ ಬಿಡಬೇಡಿ. 'ವರ್ಬಲ್ ಕನ್ಫರ್ಮೇಶನ್', ಅಂದರೆ ಬಾಯಿಮಾತಿನ ಒಪ್ಪಿಗೆ, ಅಂದರೂ ಅಷ್ಟೇ.

ಪ್ರಶ್ನೆ: ರಿಜೆಕ್ಟ್ ಮಾಡಿದ್ದಕ್ಕೆ ಕಾರಣ ಕೇಳಬಹುದಾ?

ಉತ್ತರ: ಒಮ್ಮೆ ಕೇಳಿ. ಹೇಳದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ನಿಮ್ಮ ರೆಸ್ಯೂಮೆಯ ಎಟಿಎಸ್ (ಕಂಪನಿಗಳ ನೇಮಕಾತಿ ಸಾಫ್ಟ್‌ವೇರ್) ಸ್ಕೋರ್ 90 ಮಾಡಿಕೊಡ್ತೀವಿ, ಆಗ ಕಂಪನಿಯವರೇ ಫೋನ್ ಮಾಡ್ತಾರೆ ಅಂತ ಒಬ್ಬರು ₹3,000 ಕೇಳ್ತಿದ್ದಾರೆ.

ಉತ್ತರ: ಸುಮ್ನೆ ದುಡ್ಡು ದಂಡ. ಅವರು ತೋರಿಸುವ ಸ್ಕೋರು ಅವರದೇ ವೆಬ್‌ಸೈಟಿನದು, ಕಂಪನಿಯವರು ಅದನ್ನು ನೋಡುವುದೇ ಇಲ್ಲ.

ಪ್ರಶ್ನೆ: ಇಂಟರ್ವ್ಯೂ ಆಗಿ ಎರಡೇ ದಿನಕ್ಕೆ ಆಫರ್ ಬಂತು. ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ, ಆಮೇಲೆ ವಾಪಸ್ ಕೊಡ್ತೀವಿ ಅಂತಿದ್ದಾರೆ.

ಉತ್ತರ: ಅದು ಮೋಸ. ಕಟ್ಟಬೇಡಿ. ಆಗಲೇ ಕಟ್ಟಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ದುಡ್ಡು ವಾಪಸ್ ಬರುವುದು ಕಷ್ಟ.