ಐವತ್ತು ವರ್ಷದ ಹಿಂದಿನ ಪಾಡ್ದನ ನೆನಪಿದೆ, ಬೆಳಗ್ಗಿನ ತಿಂಡಿ ನೆನಪಿಲ್ಲ

ಪ್ರಶ್ನೆ: ಅಮ್ಮನಿಗೆ 72 ವರ್ಷ. ಚಿಕ್ಕಂದಿನಲ್ಲಿ ಕಲಿತ ಪಾಡ್ದನವನ್ನು (ತುಳುವಿನ ಕಥನಗೀತೆ) ಈಗಲೂ ಸಾಲು ಬಿಡದೆ ಹೇಳುತ್ತಾರೆ. ಬೆಳಗ್ಗೆ ನೀರುದೋಸೆ ತಿಂದದ್ದು ಮಾತ್ರ ಹತ್ತು ಗಂಟೆಗೆ ಮರೆತಿರುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ನಡೆಯುತ್ತಿದೆ. ಇದು ವಯಸ್ಸಿನ ಮರೆವೇ? ನೆನಪಿನ ಮಾತ್ರೆ ಶುರು ಮಾಡಬಹುದೇ? (ಓದುಗರು, ಬ್ರಹ್ಮಾವರ)

ಉತ್ತರ: ಹೊಸ ನೆನಪು ಕಟ್ಟಲು ಮಿದುಳಿನ ಒಳಬದಿಯ ಹಿಪ್ಪೊಕ್ಯಾಂಪಸ್ ಬೇಕೇ ಬೇಕು. ಬಹಳ ಹಳೆಯ ನೆನಪುಗಳು ಅದನ್ನು ಅಷ್ಟಾಗಿ ನೆಚ್ಚಿಕೊಂಡಿರುವುದಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಅಪಸ್ಮಾರ ತಡೆಯಲೆಂದು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ, ಬಾಲ್ಯದ್ದು ಉಳಿದಿತ್ತು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸವಂತೂ ದಿನದಿಂದ ದಿನಕ್ಕೆ ಸುಧಾರಿಸಿತು, ಹಿಂದಿನ ದಿನ ಮಾಡಿದ್ದೇ ನೆನಪಿಲ್ಲದಿದ್ದರೂ! ಕೈಗೆ, ನಾಲಿಗೆಗೆ ರೂಢಿಯಾದದ್ದರ ದಾರಿಯೇ ಬೇರೆ. ಪಾಡ್ದನ ಉಳಿದದ್ದಕ್ಕೆ ಅದೂ ಒಂದು ಕಾರಣ.

ಜೀವಕೋಶದ ಮಟ್ಟದಲ್ಲಿ, ಒಂದು ನರಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಸುವ ಹೊತ್ತಿಗೇ ಎದುರಿನದೂ ಪ್ರಚೋದನೆಗೊಂಡಿದ್ದರೆ ಅದರ ಮೇಲಿನ ಎನ್‌ಎಂಡಿಎ ಗ್ರಾಹಕವೆಂಬ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಎರಡರ ನಡುವಿನ ಬೆಸುಗೆ ಬಲವಾಗುತ್ತದೆ. ಅದು ದಿನಗಟ್ಟಲೆ ಉಳಿಯಲು ಕೋಶ ಹೊಸ ಪ್ರೋಟೀನ್ ತಯಾರಿಸಬೇಕು, ರಾತ್ರಿಯ ನಿದ್ದೆಯೂ ಬೇಕು. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾಳುಮಾಡುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಜಾಗವನ್ನೇ.

ಮನೆಯಲ್ಲಿ ಒಂದು ಸಂಗತಿ ಗಮನಿಸಿ. "ದೋಸೆಯಾ, ಪುಂಡಿಯಾ?" ಎಂದು ಸುಳಿವು ಕೊಟ್ಟೊಡನೆ ನೆನಪಾದರೆ ದಾಖಲಾದದ್ದು ಸಿಗುತ್ತಿಲ್ಲ, ಅಷ್ಟೆ, ವಯಸ್ಸಿನ ಮರೆವು ಹೆಚ್ಚಾಗಿ ಹೀಗಿರುತ್ತದೆ. ಸುಳಿವಿಗೂ ಬಾರದೆ "ನಾನು ತಿಂದೇ ಇಲ್ಲ" ಎಂದರೆ ಅದು ದಾಖಲಾಗಿಯೇ ಇರಲಿಕ್ಕಿಲ್ಲ. ಇಷ್ಟರಿಂದಲೇ ರೋಗ ಯಾವುದೆಂದು ತೀರ್ಮಾನಿಸಬೇಡಿ, ವೈದ್ಯರಿಗೆ ಹೇಳಿ.

ನೆನಪಿನ ಮಾತ್ರೆ ಈಗಲೇ ಬೇಡ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು. ಬಿ12 ಕೊರತೆಯಿಂದ ಬಂದ ಮರೆವನ್ನು ಬೇಗ ಹಿಡಿದರೆ ಸರಿಪಡಿಸಬಹುದು. ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ರಕ್ತಕಣಗಳ ಎಣಿಕೆ, ಸೋಡಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ, ತಲೆಯ ಸ್ಕ್ಯಾನ್ ಒಂದು ಮಾಡಿಸಿ. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿಬಿದ್ದಿದ್ದರೆ ಅದನ್ನೂ ಹೇಳಿ: ಹಿರಿಯರಲ್ಲಿ ತಲೆಬುರುಡೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿ, ವಾರಗಳ ನಂತರ ಮರೆವಾಗಿ ಕಾಣಿಸಿಕೊಳ್ಳಬಹುದು. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತುಂಬಿ ಒಯ್ಯಿರಿ. ಶೀತದ ಕ್ಲೋರ್‌ಫೆನಿರಮಿನ್, ನೋವು-ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತವೆ. ನೆನಪಿನ ಮಾತ್ರೆಯೆಂದು ಕೊಡುವ ಡೊನೆಪೆಜಿಲ್ ಅದೇ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಮದ್ದು. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ.

ನೆನಪಿನ ಪರೀಕ್ಷೆ ಅಮ್ಮನ ಮನೆಮಾತಿನಲ್ಲೇ ಆಗಲಿ. ತುಳುವಿನಲ್ಲೇ ಬದುಕು ಕಳೆದವರಿಗೆ ಇಂಗ್ಲಿಷಿನಲ್ಲೋ ಗ್ರಾಂಥಿಕ ಕನ್ನಡದಲ್ಲೋ ಪ್ರಶ್ನೆ ಕೇಳಿ, 30 ಅಂಕಗಳ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತೆಂದು ಕಾಯಿಲೆಯ ಹಣೆಪಟ್ಟಿ ಹಚ್ಚುವುದು ದೊಡ್ಡ ಅನ್ಯಾಯ. ಕಿವಿ ಮಂದವಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಆಲ್ಝೈಮರ್ ಎಂದೇ ಖಚಿತವಾದರೆ ಡೊನೆಪೆಜಿಲ್ ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂನಿಂದ ಶುರು, 4ರಿಂದ 6 ವಾರದ ಬಳಿಕ 10. ವಾಕರಿಕೆ, ಭೇದಿ ಬರಬಹುದು. ಅವಸರದಲ್ಲಿ ಪ್ರಮಾಣ ಏರಿಸಿದರೆ ಇನ್ನೂ ಹೆಚ್ಚು. ಕೆಟ್ಟ ಕನಸು ಬಿದ್ದರೆ ರಾತ್ರಿಯ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ನಾಡಿ ನಿಧಾನವಿದ್ದರೆ, ತಲೆಸುತ್ತಿ ಬಿದ್ದಿದ್ದರೆ ಮೊದಲು ಇಸಿಜಿ ಆಗಲೇಬೇಕು. ಇದು ಲಕ್ಷಣಗಳನ್ನು ತುಸು ಹಗುರ ಮಾಡುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಪ್ರಶ್ನೆ: ದಿನಾ ತಿಮರೆ (ಒಂದೆಲಗ) ಚಟ್ನಿ ತಿಂದರೆ ಮರೆವು ವಾಸಿಯಾಗುತ್ತದೆಯೇ? (ಓದುಗರು, ಕಾಪು)

ಉತ್ತರ: ಊಟಕ್ಕೆ ಚಟ್ನಿ, ತಂಬುಳಿ ಧಾರಾಳವಾಗಿ ಮಾಡಿ. ಒಂದೆಲಗ ಆಲ್ಝೈಮರ್ ವಾಸಿಮಾಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಅದನ್ನು ನಂಬಿ ಬಿ12, ಥೈರಾಯ್ಡ್ ಪರೀಕ್ಷೆ ಮುಂದೂಡಬೇಡಿ.

ಪ್ರಶ್ನೆ: ಆಲ್ಝೈಮರ್‌ಗೆ ಹೊಸ ಇಂಜೆಕ್ಷನ್ ಬಂದಿದೆಯಂತೆ. ಅಪ್ಪನಿಗೆ ಕೊಡಿಸಬಹುದೇ? (ಓದುಗರು, ಕದ್ರಿ)

ಉತ್ತರ: ನೀವು ಕೇಳಿದ್ದು ಬಹುಶಃ ಲೆಕನೆಮ್ಯಾಬ್ ಬಗ್ಗೆ. ಅಮೆರಿಕದಲ್ಲಿ 2023ರ ಜುಲೈಯಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಮಿದುಳಿನಲ್ಲಿ ಶೇಖರವಾದ ಅಮಿಲಾಯ್ಡ್ ಪ್ರೋಟೀನನ್ನು ಇದು ತೆಗೆಯುತ್ತದೆ. ಸುಮಾರು 1,800 ಮಂದಿಯ 18 ತಿಂಗಳ ಪ್ರಯೋಗದಲ್ಲಿ ಕಾಯಿಲೆ ಬೆಳೆಯುವ ವೇಗ ಶೇ. 27ರಷ್ಟು ತಗ್ಗಿತು. ಆದರೆ 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ 0.45 ಅಂಕ ಮಾತ್ರ. ಹೋದ ನೆನಪು ಮರಳುವುದಿಲ್ಲ. ಆರಂಭದ ಹಂತದಲ್ಲಿ, ಅದೂ ಅಮಿಲಾಯ್ಡ್ ಇರುವುದು ಖಚಿತವಾದವರಿಗೆ ಮಾತ್ರ ಕೊಡುತ್ತಾರೆ. ಸ್ನಾನ, ಊಟಕ್ಕೂ ನೆರವು ಬೇಕಾದ ಹಂತಕ್ಕಲ್ಲ. ಆ ಪ್ರಯೋಗದಲ್ಲಿ ಮದ್ದು ಪಡೆದ ಎಂಟರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಬಾವು ಕಂಡಿತು, ಕೆಲವರಿಗೆ ರಕ್ತಸ್ರಾವವೂ ಆಯಿತು. ಹಾಗಾಗಿ ನಡುನಡುವೆ ಎಂಆರ್‌ಐ ತಪ್ಪಿಸುವಂತಿಲ್ಲ. ಅಪ್ಪ ಹೃದಯಕ್ಕಾಗಿ ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮದ್ದು ತೆಗೆದುಕೊಳ್ಳುತ್ತಿದ್ದರೆ ನರರೋಗ ತಜ್ಞರಿಗೆ ಮೊದಲ ಭೇಟಿಯಲ್ಲೇ ತಿಳಿಸಿ.