ಹಸುವಿಗೆ ಬಿಚ್ಚಲು ಬಾರದ ಗಂಟು

(ದನಕರುಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ನಿವೃತ್ತ ಪಶುವೈದ್ಯನ ಉತ್ತರ. ಹೋದ ಸಂಚಿಕೆಯಲ್ಲಿ ಹೊಟ್ಟೆಯುಬ್ಬರದ ಬಗ್ಗೆ ಬರೆಯುತ್ತಾ ಪ್ಲಾಸ್ಟಿಕ್ಕಿನ ಮಾತು ಎತ್ತಿದ್ದೆ. ಈ ಸಲ ಬಂದ ಕಾಗದಗಳೆಲ್ಲ ಅದರದ್ದೇ.)

● ‘ಬಳಸಿ ಬಿಸಾಡುವ ಕವರಿಗೆ ಎಲ್ಲರೂ ದಾಸರಾಗಿದ್ದೇವೆ’ ಎಂದು ಬರೆದಿದ್ದೀರಿ. ಸ್ವಲ್ಪ ಅತಿಯಾಯಿತಲ್ಲವೇ? ನಮ್ಮ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಹೋಟೆಲಿಂದ ಸಾಂಬಾರು ತರಲು ಕೈಯಲ್ಲಿ ತಂಬಿಗೆ ಹಿಡಿದು ಹೋಗಲಾಗುತ್ತದೆಯೇ? — ಓದುಗರು, ತಿಪಟೂರು

ತಂಬಿಗೆ ಬೇಡ, ಮುಚ್ಚಳ ಗಟ್ಟಿ ಇರುವ ಡಬ್ಬಿ ಸಾಕು. ಆದರೆ ನಾನು ಹಾಗೇಕೆ ಬರೆದೆ ಎಂಬುದನ್ನೂ ಹೇಳಬೇಕು.

ಹಾಸನ ಜಿಲ್ಲೆಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವನ್ನು ಹೊಡೆದುಕೊಂಡು ಬಂದರು. ಮನೆ ಊರಂಚಿಗೆ. ಬೆಳಿಗ್ಗೆ ಹಾಲು ಕರೆದು ಬಿಟ್ಟರೆ ಹಸು ಪೇಟೆ ಸುತ್ತಿ ಸಂಜೆಗೆ ಮನೆ ಸೇರುತ್ತಿತ್ತು. ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಎಡಪಕ್ಕೆಗೆ ಮುಷ್ಟಿ ಒತ್ತಿದೆ. ಕಲಸಿಟ್ಟ ರಾಗಿಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿದ್ದು, ಹಾಗೇ ನಿಂತಿತು.

ಒಳಗೇನೋ ತುಂಬಿ ಕೂತಿದೆ, ಹೊಟ್ಟೆ ಕೊಯ್ಯಲೇಬೇಕಿತ್ತು. ಇಂಥ ಆಪರೇಷನ್ನಿಗೆ ಹಸುವನ್ನು ಕೆಡವುವುದಿಲ್ಲ. ನಿಂತಂತೆಯೇ ಎಡಪಕ್ಕೆ ಮರಗಟ್ಟಿಸಿ, ಗೇಣಿಗಿಂತ ತುಸು ಉದ್ದ ಕೊಯ್ದು, ದೊಡ್ಡ ಹೊಟ್ಟೆಯ (ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು) ಗೋಡೆಯನ್ನು ಚರ್ಮಕ್ಕೆ ಹೊಲಿದುಕೊಂಡು, ಭುಜದವರೆಗೆ ಕೈ ಇಳಿಸಬೇಕು. ಒಳಗೆ ಬಿಸಿ, ಹುಳಿವಾಸನೆ. ಕೈಗೆ ಸಿಕ್ಕಿದ್ದು ಮೇವಲ್ಲ, ಹಗ್ಗದ ಹಾಗೆ ಹೊಸೆದುಕೊಂಡ ಕವರುಗಳು. ಎಳೆದಷ್ಟೂ ಬಂತು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 23 ಕೆ.ಜಿ., ಹಸಿಯದು.

ನಮ್ಮ ಕಾಂಪೌಂಡರ್ ಸುಮ್ಮನಿರುವ ಆಸಾಮಿಯಲ್ಲ. ನಾಲ್ಕಾರನ್ನು ನಲ್ಲಿ ಕೆಳಗೆ ತೊಳೆದು ಕಟ್ಟೆಯ ಮೇಲೆ ಹರವಿದ. ಬಹುಪಾಲು ಕವರುಗಳ ಗಂಟು ಹಾಗೇ ಇತ್ತು. ಎರಡು ಕಿವಿ ಎಳೆದು ನಾವು ಬಿಗಿಯುತ್ತೇವಲ್ಲ, ಅದೇ ಗಂಟು. ಒಂದರೊಳಗೆ ಅಗಿದ ನುಗ್ಗೆಕಾಯಿ ಸಿಪ್ಪೆ ಇನ್ನೂ ಉಳಿದಿತ್ತು.

ಖಾಲಿ ಕವರನ್ನು ಹಸು ಮೂಸಿ ಬಿಟ್ಟರೂ ಬಿಟ್ಟೀತು. ಅನ್ನ-ಸಾರಿನ ವಾಸನೆ, ಉಪ್ಪಿನ ರುಚಿ ಇದ್ದರೆ ಬಿಡುವುದಿಲ್ಲ. ಅದಕ್ಕೆ ಮೇಲಿನ ಮುಂದಿನ ಹಲ್ಲಿಲ್ಲ. ನಾಲಿಗೆಯಿಂದ ಬಾಚಿ ಮೊದಲು ನುಂಗುತ್ತದೆ, ಅಗಿಯುವುದು ಆಮೇಲೆ ಮೆಲುಕಿನಲ್ಲಿ. ಆಡು ತುಟಿಯಲ್ಲಿ ಆರಿಸಿ ತಿನ್ನುವ ಹಾಗೆ ಆರಿಸಲು ಬರುವುದಿಲ್ಲ. ನುಂಗಿದ ಕವರು ಮುಂದಿನ ಹೊಟ್ಟೆಗೆ ದಾಟುವಂತಿಲ್ಲ, ಕರಗುವಂತೆಯೂ ಇಲ್ಲ. ಅಲ್ಲೇ ಕೂರುತ್ತದೆ.

ನಾನು ಪ್ಲಾಸ್ಟಿಕ್ ದ್ವೇಷಿ ಅಲ್ಲ, ಸ್ವಾಮಿ. ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುತ್ತಿದ್ದೆವು. ಒಮ್ಮೆ ಚುಚ್ಚಿ ಎಸೆಯುವ ಸಿರಿಂಜ್ ಬಂದಾಗ ಹಬ್ಬ ಮಾಡಿದವರಲ್ಲಿ ನಾನೂ ಒಬ್ಬ. ಕೃತಕ ಗರ್ಭಧಾರಣೆಗೆ ತೋಳುದ್ದದ ಕೈಗವಸು ಪ್ಲಾಸ್ಟಿಕ್, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿಟ್ಟ ವೀರ್ಯದ ಕಡ್ಡಿಯೂ ಪ್ಲಾಸ್ಟಿಕ್. ಅವೂ ಎರಡು ನಿಮಿಷದ ವಸ್ತುಗಳೇ, ಆದರೆ ಅವಿಲ್ಲದೆ ಕೆಲಸ ನಡೆಯದು. ಹೋಟೆಲಿನಿಂದ ಮನೆಗೆ ಹತ್ತು ನಿಮಿಷದ ದಾರಿಗೆ, ಡಬ್ಬಿ ತೊಳೆಯುವ ಬೇಸರಕ್ಕೆ, ಕುದಿಯುವ ಸಾಂಬಾರನ್ನು ಕವರಿಗೆ ಸುರಿಸಿಕೊಳ್ಳುತ್ತೇವಲ್ಲ, ಅದನ್ನು ನಾನು ದಾಸ್ಯ ಎಂದದ್ದು. ಆ ಮಾತು ವಾಪಸು ತೆಗೆದುಕೊಳ್ಳುವುದಿಲ್ಲ.

ಇಷ್ಟರ ಮೇಲೂ ಕವರ್ ಬಂದೇ ಬಂತೆನ್ನಿ, ಮುಸುರೆಯನ್ನು ಅದರಲ್ಲಿ ಕಟ್ಟಿ ಎಸೆಯಬೇಡಿ. ಮುಸುರೆ ಬೇರೆ, ಕವರ್ ಬೇರೆ.

● 2016ರಿಂದ ನಿಷೇಧ ಎನ್ನುತ್ತಾರೆ. ನಮ್ಮ ಸಂತೆಯಲ್ಲಿ ಎಲ್ಲರ ಕೈಯಲ್ಲೂ ಕವರ್. ಇದೇನು ನಿಷೇಧ? — ದಿನಸಿ ಅಂಗಡಿಯವರು, ತರೀಕೆರೆ

2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ದಪ್ಪ-ತೆಳು ನೋಡದೆ ನಿಷೇಧಿಸಿತು. 2022ರ ಜುಲೈ 1ಕ್ಕೆ ಕೇಂದ್ರದ ನಿಷೇಧವೂ ಬಂತು. ಆದರೆ ಕೇಂದ್ರದ ನಿಯಮ ಕೈಚೀಲದ ದಪ್ಪಕ್ಕೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ ಇಟ್ಟಿತು, ಮೊದಲು 75, ಆಮೇಲೆ 120; ಅದಕ್ಕಿಂತ ತೆಳುವಾದದ್ದಕ್ಕೆ ಮಾತ್ರ ನಿಷೇಧ. ಸಂತೆಯಲ್ಲಿ ಯಾರು ಮೈಕ್ರಾನ್ ಅಳೆಯುತ್ತಾರೆ? ನೀವು ಕೊಡದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ ಎಂಬುದೂ ನನಗೆ ಗೊತ್ತು. ನಾನು ಚಿಕ್ಕವನಿದ್ದಾಗ ಅಂಗಡಿಯ ಸೂರಿಂದ ದಾರದ ಉಂಡೆ ಇಳಿಬಿದ್ದಿರುತ್ತಿತ್ತು, ಸಕ್ಕರೆಗೆ ಕಾಗದದ ಪೊಟ್ಟಣ, ಹೂವಿಗೆ ಎಲೆ. ಭಾಷೆಯಲ್ಲೂ ಇದರ ಗುರುತಿದೆ ನೋಡಿ: ಹಲಸಿನ ಎಲೆ ಚುಚ್ಚಿ ಮಾಡಿದ ಕೊಟ್ಟೆಯಲ್ಲಿ ಬೇಯಿಸಿದ್ದು ಕೊಟ್ಟೆ ಕಡುಬು. ಇವತ್ತು ಶಿರಸಿ ಕಡೆ ಹೋಗಿ ಬರೀ ‘ಕೊಟ್ಟೆ’ ಎಂದರೆ ಅಂಗಡಿಯವ ಪ್ಲಾಸ್ಟಿಕ್ ಚೀಲ ಕೊಡುತ್ತಾನೆ.

● ನನ್ನದು ಚಿಕ್ಕ ಇಡ್ಲಿ ಹೋಟೆಲ್. ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದೆ. ಈಗ ಬೇಡ ಎನ್ನುತ್ತಾರೆ. ಬಟ್ಟೆಗೆ ಇಡ್ಲಿ ಅಂಟುತ್ತದೆ, ಏನು ಮಾಡಲಿ? — ಹೋಟೆಲ್ ಮಾಲೀಕರು, ತುಮಕೂರು

ಪಶುವೈದ್ಯನಿಗೆ ಇಡ್ಲಿಯ ಪ್ರಶ್ನೆಯೇ ಎಂದು ಸಂಪಾದಕರು ನಕ್ಕರು. ನಮ್ಮಪ್ಪ ಕಡೂರಿನಲ್ಲಿ ಹೋಟೆಲ್ ಇಟ್ಟಿದ್ದವರು. ಇಡ್ಲಿ ಬಟ್ಟೆ ಒಗೆದೇ ನಾನು ಓದಿದ್ದು, ಹಾಗಾಗಿ ಅಧಿಕಾರವಿದೆ.

2025ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 251 ಕಡೆ ಪರಿಶೀಲಿಸಿದಾಗ 52 ಕಡೆ ಪ್ಲಾಸ್ಟಿಕ್ ಹಾಳೆ ಸಿಕ್ಕಿತ್ತು. ನೀವು ಒಬ್ಬರೇ ಅಲ್ಲ. ಆದರೆ ಹಬೆಯಲ್ಲಿ ಕಾಯುವ ಹಾಳೆಯ ಮೇಲೆ ಹಿಟ್ಟು ಹುಯ್ಯುವುದು ತಪ್ಪೇ.

ಅಂಟುವುದು ಬಟ್ಟೆಯ ದೋಷವಲ್ಲ, ಆತುರದ್ದು. ತೆಳು ಹತ್ತಿ ಬಟ್ಟೆ ತನ್ನಿ, ಹಳೇ ಪಂಚೆಯಾದರೆ ಇನ್ನೂ ವಾಸಿ. ಗಂಜಿ ಹೋಗುವಂತೆ ಒಗೆದಿರಬೇಕು. ನೀರಲ್ಲಿ ಅದ್ದಿ, ಹಿಂಡಿ, ಸುಕ್ಕಿಲ್ಲದೆ ಹಾಸಿ. ಬೆಂದ ಮೇಲೆ ಒಂದು ನಿಮಿಷ ಬಿಟ್ಟು ತಟ್ಟೆ ಮಗುಚಿ, ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ, ಅಂಚಿನಿಂದ ಸುಲಿಯಿರಿ. ಬಿಟ್ಟುಕೊಳ್ಳುತ್ತದೆ. ಬಟ್ಟೆಯನ್ನು ಕೂಡಲೇ ನೀರಿಗೆ ಹಾಕಬೇಕು, ಹಿಟ್ಟು ಒಣಗಿದರೆ ಕಲ್ಲಿಗೆ ಬಡಿದರೂ ಹೋಗದು. ದಿನದ ಕೊನೆಗೆ ಕುದಿಯುವ ನೀರು, ಮಾರನೆಗೆ ಬಿಸಿಲು. ಎರಡು ಜೊತೆ ಬಟ್ಟೆ ಇರಲಿ. ಒಗೆಯಲು ಆಳು ಸಿಗುವುದಿಲ್ಲ ಎನ್ನುತ್ತೀರಿ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮಪ್ಪನಿಗೆ ನಾನಿದ್ದೆ.

● ಮದುವೆಗೆ ಪ್ಲಾಸ್ಟಿಕ್ ಲೋಟ ಬಿಟ್ಟು ಪೇಪರ್ ಕಪ್ ತಂದಿದ್ದೇವೆ. ಸರಿತಾನೆ? — ಚಿತ್ರದುರ್ಗ

ಕಾಗದ ಒಂದೇ ಇದ್ದರೆ ಕಾಫಿ ಮೇಜು ಮುಟ್ಟುವ ಮೊದಲೇ ಸೋರಿಹೋಗುತ್ತಿತ್ತು. ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. 2020ರಲ್ಲಿ ಖರಗಪುರದ ಐಐಟಿಯವರು 100 ಮಿ.ಲೀ. ಬಿಸಿನೀರನ್ನು ಇಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟು ನೋಡಿದರು. ಸುಮಾರು 25,000 ಪ್ಲಾಸ್ಟಿಕ್ ಕಣಗಳು ನೀರಿಗೆ ಬಿಟ್ಟಿದ್ದವು. ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ತೊಳೆಯುವವರಿಗೆ ಒಳ್ಳೆ ಕೂಲಿ ಕೊಡಿ.

● ಹಾಲಿನ ಪ್ಯಾಕೆಟ್ ಕೂಡ ಪ್ಲಾಸ್ಟಿಕ್ಕೇ. ಅದನ್ನು ಹೇಗೆ ಬಿಡುವುದು? — ಮೈಸೂರು

ಬಿಡಬೇಡಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಚೂರು ಬೀಳಿಸಬೇಡಿ, ಅಷ್ಟೇ. ಅಷ್ಟು ಚಿಕ್ಕ ಚೂರನ್ನು ಯಾವ ಚಿಂದಿ ಆಯುವವರೂ ಹೆಕ್ಕುವುದಿಲ್ಲ. ತೊಳೆದು ಒಣಗಿಸಿದ ಇಡೀ ಪ್ಯಾಕೆಟ್ಟಿಗಾದರೆ ಗುಜರಿಯಲ್ಲಿ ಬೆಲೆ ಇದೆ.

● ನಮ್ಮ ಹಸು ಕವರ್ ತಿನ್ನುವುದನ್ನು ಕಣ್ಣಾರೆ ಕಂಡೆ. ಕರಗಿಸುವ ಔಷಧಿ ಇದೆಯೇ? — ಚನ್ನರಾಯಪಟ್ಟಣ

ಇಲ್ಲ. ಎಣ್ಣೆ ಕುಡಿಸಿದರೆ ಜಾರಿ ಹೋಗುತ್ತದೆ ಎಂದು ಹೇಳುವವರಿದ್ದಾರೆ, ನಂಬಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ತೊಂದರೆ. ಒಂದು ಕವರಿಗೇ ಗಾಬರಿಯಾಗುವುದು ಬೇಡ. ಮೇವು ಕಡಿಮೆಯಾಗುವುದು, ಮೆಲುಕು ನಿಲ್ಲುವುದು, ಹಾಲು ಇಳಿಯುವುದು, ಎಡಹೊಟ್ಟೆ ಮತ್ತೆ ಮತ್ತೆ ಉಬ್ಬುವುದು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರನ್ನು ಕರೆಯಿರಿ. ಆಪರೇಷನ್ ಬೇಗ ಆದಷ್ಟೂ ಹಸು ಬೇಗ ಚೇತರಿಸಿಕೊಳ್ಳುತ್ತದೆ. ಮೇಲೆ ಹೇಳಿದ ಹಸು ಹದಿನೈದು ದಿನಕ್ಕೆ ಮೇವಿಗೆ ಬಾಯಿ ಹಾಕಿ, ಮುಂದಿನ ವರ್ಷ ಕರುವನ್ನೂ ಹಾಕಿತು. ಆ ತಾಯಿ ಆಮೇಲೆ ಅದನ್ನು ಪೇಟೆಗೆ ಬಿಡಲಿಲ್ಲ. ಮನೆ ಹಿಂದೆ ನಾಲ್ಕು ಸಾಲು ನೇಪಿಯರ್ ಹುಲ್ಲು ಹಾಕಿಕೊಂಡರು.