ರಾಜಮ್ ಮರಳಿ ಬಂದ ಕಂತು

ಚಿಕ್ಕಂದಿನಲ್ಲಿ ಜೀವ ಬಿಟ್ಟು ನೋಡುತ್ತಿದ್ದ ಧಾರಾವಾಹಿಯನ್ನು ಈಗ ಮತ್ತೆ ನೋಡುವ ಆಸೆ, ನೋಡಿದರೆ ಮನಸ್ಸಿನಲ್ಲಿರುವ ಸೊಗಸು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಅಳುಕು, ಹಾಗೆ ನೋಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದ್ದೀರಿ. ನಾನು ನೋಡಿದ್ದೇನೆ. ಸೊಗಸು ಕೆಡಲಿಲ್ಲ. ಆದರೆ ನಾನು ಯಾವುದನ್ನು ಹುಡುಕಿಕೊಂಡು ಹೋಗಿದ್ದೆನೋ ಅದು ಅಲ್ಲಿ ಇರಲೇ ಇಲ್ಲ. ಆ ಕಥೆ ಸ್ವಲ್ಪ ಉದ್ದವಿದೆ, ತಾಳ್ಮೆಯಿಂದ ಓದಿ.

ನನ್ನ ಧಾರಾವಾಹಿ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಕಥೆಗಳು, ಶಂಕರ್ ನಾಗ್ ನಿರ್ದೇಶನ. 1987ರಲ್ಲಿ ನನಗೆ ಎಂಟು ವರ್ಷ. ತುಮಕೂರಿನ ಹತ್ತಿರದ ಹಳ್ಳಿ ನಮ್ಮದು. ನಮ್ಮ ಮನೆಯದು ಕಪ್ಪು-ಬಿಳುಪಿನ ಟಿವಿ, ಅದಕ್ಕೆ ಎರಡೂ ಬದಿಯಿಂದ ಎಳೆದು ಮುಚ್ಚುವ ಮರದ ಬಾಗಿಲು, ಬಾಗಿಲಿಗೆ ಬೀಗ. ಆಂಟೆನಾ ಗಾಳಿಗೆ ತಿರುಗಿಬಿಟ್ಟರೆ ಚಿಕ್ಕಪ್ಪ ತಾರಸಿ ಹತ್ತಿ ಕಂಬವನ್ನು ಇಷ್ಟಿಷ್ಟೇ ತಿರುಗಿಸುತ್ತಾ "ಬಂತಾ?" ಎಂದು ಕೂಗುವುದು, ಕೆಳಗಿನಿಂದ ನಾವೆಲ್ಲ ಒಟ್ಟಿಗೆ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುವುದು. ಇದು ಆ ಕಾಲದ ಎಲ್ಲ ಮನೆಗಳ ಕಥೆ. ನಮ್ಮ ಮನೆಯ ಕಥೆ ಬೇರೆಯಾಗುವುದು ಭಾಷೆಯ ವಿಷಯದಲ್ಲಿ.

ಧಾರಾವಾಹಿ ಹಿಂದಿಯಲ್ಲಿತ್ತು. ಕಥೆ ಬರೆದವರು ಮೈಸೂರಿನಲ್ಲಿ ಬಾಳಿದವರು, ನಿರ್ದೇಶಕ ನಮ್ಮವರು, ಕಥೆಯ ಹುಡುಗ ಸ್ವಾಮಿಯ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಎಲ್ಲವೂ ನಮ್ಮದೇ, ಮಾತು ಮಾತ್ರ ನಮಗೆ ತಿಳಿಯದ್ದು. ಮನೆಯ ಹನ್ನೊಂದು ಜನರಲ್ಲಿ ಹಿಂದಿ ಬರುತ್ತಿದ್ದುದು ನನ್ನ ಸೋದರತ್ತೆಗೆ ಒಬ್ಬರಿಗೇ. ಮದುವೆಯಾಗದೆ ತವರಿನಲ್ಲೇ ಉಳಿದಿದ್ದ ಅತ್ತೆ, ಬಸ್ಸಿನಲ್ಲಿ ತುಮಕೂರಿಗೆ ಹೋಗಿಬಂದು ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ, ರಾಷ್ಟ್ರಭಾಷಾದವರೆಗೆ ಪಾಸು ಮಾಡಿಕೊಂಡಿದ್ದರು. ಆ ಓದಿನಿಂದ ಅವರಿಗೆ ಕೆಲಸವೇನೂ ಸಿಗಲಿಲ್ಲ. ಟಿವಿ ಬಂದ ದಿನದಿಂದ ಮಾತ್ರ ಅವರು ನಮ್ಮ ಇಡೀ ಬೀದಿಗೆ ಬೇಕಾದವರಾದರು.

ಅವರು ಕೂರುತ್ತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಟಿವಿಯ ಬಲಗಡೆ, ಗೋಡೆಗೆ ಒರಗದೆ, ಮಣೆಯ ಮೇಲೆ. ಅವರೆಯ ಕಾಲವಾದರೆ ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಹಿತುಕಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕಣ್ಣು ಟಿವಿಯ ಮೇಲೆ, ಬಾಯಲ್ಲಿ ಕನ್ನಡ, ಕೈ ತನ್ನ ಪಾಡಿಗೆ ತಾನು. ಏನಾದರೂ ಕೆಟ್ಟದ್ದು ನಡೆಯುವ ಹೊತ್ತು ಬಂದರೆ ಅವರಿಗೆ ನಮಗಿಂತ ಮೊದಲೇ ತಿಳಿಯುತ್ತಿತ್ತಲ್ಲ, ಆಗ ಕೈ ನಿಲ್ಲುತ್ತಿತ್ತು. ಕಾಳು ಬೆರಳ ನಡುವೆಯೇ ಉಳಿಯುತ್ತಿತ್ತು. ನಾನು ಪರದೆ ನೋಡುವುದನ್ನು ಬಿಟ್ಟು ಆ ಕೈಯನ್ನು ನೋಡುತ್ತಿದ್ದೆ.

ಹಾಗಾಗಿ ನಮ್ಮ ಮನೆಯಲ್ಲಿ ನಗು ಯಾವಾಗಲೂ ತಡವಾಗಿ ಬರುತ್ತಿತ್ತು. ಟಿವಿಯೊಳಗಿನವರು ನಕ್ಕು ಮುಗಿಸಿ ಬೇರೆ ಮಾತಿಗೆ ಹೋದ ಮೇಲೆ ನಮ್ಮ ನಡುಮನೆಯಲ್ಲಿ ನಗು ಏಳುತ್ತಿತ್ತು. ಪ್ರಸಾರ ನಿಂತು 'ರುಕಾವಟ್ ಕೇ ಲಿಯೇ ಖೇದ್ ಹೈ', ಅಂದರೆ ಅಡಚಣೆಗೆ ವಿಷಾದಿಸುತ್ತೇವೆ, ಎಂಬ ಬರಹ ಬಂದರೆ ತಾತ "ಏನಂತಮ್ಮಾ?" ಎಂದು ಕೇಳುವರು. ಅತ್ತೆ ಗಂಭೀರವಾಗಿ "ಬರುತ್ತಾರಂತೆ ಅಪ್ಪ, ಕೂತಿರಬೇಕಂತೆ" ಎನ್ನುವರು.

ಸ್ವಾಮಿಯ ಕಥೆಯ ಕೊನೆ ನಿಮಗೆ ನೆನಪಿರಬಹುದು. ಸ್ವಾಮಿಯ ಗೆಳೆಯ ರಾಜಮ್‌ನ ತಂದೆ ಪೊಲೀಸ್ ಅಧಿಕಾರಿ, ಅವರಿಗೆ ವರ್ಗವಾಗುತ್ತದೆ. ಸ್ವಾಮಿ ಕ್ರಿಕೆಟ್ ಪಂದ್ಯಕ್ಕೆ ಬಾರದೆ ಕೈಕೊಟ್ಟಿದ್ದರಿಂದ ರಾಜಮ್‌ಗೆ ಅವನ ಮೇಲೆ ಮುನಿಸು. ಆ ಮುನಿಸು ಹಾಗೆಯೇ ಇರುವಾಗ ರಾಜಮ್ ರೈಲು ಹತ್ತಿ ಊರು ಬಿಟ್ಟು ಹೋಗುತ್ತಾನೆ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅವ್ವ ಗದರಿಸಿದರೂ ಮಾಡಲಿಲ್ಲ. ಆದರೆ ಆಮೇಲೆ ಎಲ್ಲ ಸರಿಹೋಯಿತು, ಏಕೆಂದರೆ ಮುಂದಿನ ಕಂತಿನಲ್ಲಿ ರಾಜಮ್ ದಸರಾ ರಜೆಗೆ ಮಾಲ್ಗುಡಿಗೆ ಬಂದ. ಅದೇ ನಿಲ್ದಾಣದಲ್ಲಿ ಇಳಿದ. ತಲೆಯ ಮೇಲೆ ಟೋಪಿ, ಕೈಯಲ್ಲಿ ಬ್ಯಾಟು. ಸ್ವಾಮಿ ಓಡಿಬಂದು ಅವನ ಮುಂದೆ ನಿಂತ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ರಾಜಮ್ ಬ್ಯಾಟನ್ನು ಸ್ವಾಮಿಯ ಕೈಗೆ ಕೊಟ್ಟ. ಮೂವತ್ತು ವರ್ಷ ನನಗೆ ಯಾವ ಧಾರಾವಾಹಿಯ ನೆನಪು ಬಂದರೂ ಮೊದಲು ಕಣ್ಣ ಮುಂದೆ ಬರುತ್ತಿದ್ದುದು ಇದೇ ದೃಶ್ಯ.

2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಯೊಳಗೆ ಉಳಿದಾಗ ದೂರದರ್ಶನ 'ರಾಮಾಯಣ'ವನ್ನು ಮತ್ತೆ ಹಾಕಿತು. ಮನೆಮಂದಿಯೆಲ್ಲ ಕೂತು ನೋಡಿದೆವು. ಬಾಣಗಳು ಆಕಾಶದಲ್ಲಿ ಎದುರುಬದುರಾಗಿ ಬಂದು ತಾಗುವುದನ್ನು ಕಂಡು ನನ್ನ ಮಗಳು ನಕ್ಕಳು. ನನಗೆ ನಗು ಬರಲಿಲ್ಲ, ಹಿಂದಿನ ರೋಮಾಂಚನವೂ ಆಗಲಿಲ್ಲ. ಅದಾದ ಮೇಲೆ ಸದಾನಂದ ಸುವರ್ಣರ 'ಗುಡ್ಡದ ಭೂತ' ಹುಡುಕಿ ನೋಡಿದೆ. ಪ್ರಕಾಶ್ ರೈ ಎಷ್ಟು ಎಳೆಯರು ಅದರಲ್ಲಿ! ಶೀರ್ಷಿಕೆಯ ಆ ತುಳು ಹಾಡು ರಾತ್ರಿ ಹೊತ್ತು ಈಗಲೂ ಮೈ ಜುಮ್ಮೆನಿಸುತ್ತದೆ, ಅದನ್ನು ನೀವು ಅಳುಕಿಲ್ಲದೆ ನೋಡಬಹುದು. ಕೊನೆಗೆ ಮಾಲ್ಗುಡಿಗೆ ಬಂದೆ.

ಎಲ್. ವೈದ್ಯನಾಥನ್ ಅವರ ಆ 'ತಾನನ ತಾನನ' ಶುರುವಾಯಿತು, ಆರ್.ಕೆ. ಲಕ್ಷ್ಮಣರ ಗೆರೆಚಿತ್ರಗಳು ಬಂದವು, ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಯಾಕೆ ನೋಡಿದೆ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಆ ರಾಗ ಕೇಳಿದೊಡನೆ ಪಕ್ಕದ ಮನೆಯವರೆಲ್ಲ ಒಳಗೆ ಬರುತ್ತಿದ್ದರು. ಅವರು ಬರುವುದನ್ನು ಕಾಯುವ ಅಭ್ಯಾಸ ನನ್ನ ಕುತ್ತಿಗೆಗೆ ಇನ್ನೂ ಉಳಿದಿತ್ತು.

ಆಮೇಲೆ ಬಣ್ಣ. ನಾನು ಕಂಡ ಮಾಲ್ಗುಡಿಗೆ ಬಣ್ಣವಿರಲಿಲ್ಲ. ಬಣ್ಣವಿಲ್ಲದ್ದರಿಂದ ಅದನ್ನು ನಮ್ಮ ಊರಿನಂಥದೇ ಬಯಲುಸೀಮೆಯ ಊರೆಂದು ತಿಳಿದಿದ್ದೆ. ಈಗ ನೋಡಿದರೆ ಕೆಂಪು ಹೆಂಚು, ಪಾಚಿ ಹಿಡಿದ ಗೋಡೆ, ಕಂಡಲ್ಲೆಲ್ಲ ಹಸಿರು. ಶಂಕರ್ ನಾಗ್ ಅದನ್ನು ಚಿತ್ರಿಸಿದ್ದು ಆಗುಂಬೆಯಲ್ಲಿ ಎಂಬುದನ್ನು ದೊಡ್ಡವನಾದ ಮೇಲೆ ಓದಿದ್ದೆ, ಓದಿದ್ದು ತಲೆಯಲ್ಲಿತ್ತು, ಕಣ್ಣಿಗೆ ಇಳಿದಿರಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರು ಅದು, ನಮ್ಮ ಕಡೆ ಬೀಳುವುದರ ಸುಮಾರು ಹತ್ತು ಪಟ್ಟು. ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆಯ ಕಂಬಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಇದನ್ನೆಲ್ಲ ಕಟ್ಟಿ ನಿಲ್ಲಿಸಿದಾಗ ಶಂಕರ್ ನಾಗ್ ಅವರಿಗೆ ಮೂವತ್ತೆರಡರ ಆಸುಪಾಸು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೈದು. ನೋಡುತ್ತಾ ಕೂತಿದ್ದ ನನಗೆ ಆಗಲೇ ನಲವತ್ತು ದಾಟಿತ್ತು. ಅವರಿಗಿಂತ ನಾನು ಹಿರಿಯನಾಗಿಬಿಟ್ಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಕೆಲಸದ ಮೇಲೆ ಒಂಬತ್ತು ವರ್ಷ ಪುಣೆಯಲ್ಲಿದ್ದುದರಿಂದ ಈಗ ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಪ್ರತಿ ಮಾತೂ ಅರ್ಥವಾಯಿತು. ಅರ್ಥವಾದಂತೆಲ್ಲ ಒಂದು ವಿಚಿತ್ರ ಬೆಳಕಿಗೆ ಬಂತು. ಒಂದು ಕಂತಿನಲ್ಲಿ ಸ್ವಾಮಿಯ ತಂದೆ ಪತ್ರಿಕೆಯ ಸುದ್ದಿ ಓದುತ್ತಾರೆ: ಒಬ್ಬ ಹುಡುಗ ಹುಲಿಯನ್ನು ಎದುರಿಸಿದನಂತೆ. ಧೈರ್ಯವಿದ್ದರೆ ಎಲ್ಲವೂ ಆಗುತ್ತದೆ, ನೀನೂ ಇವತ್ತು ಒಬ್ಬನೇ ಮಲಗು ಎಂದು ಮಗನನ್ನು ಕೆಣಕುತ್ತಾರೆ. ನನ್ನ ನೆನಪಿನಲ್ಲಿ ಆ ಹುಡುಗ ದೇವರಾಯನದುರ್ಗದವನು, ಹುಲಿ ಬಂದದ್ದು ನಾಮದ ಚಿಲುಮೆಯ ಹತ್ತಿರ. ಪರದೆಯ ಮೇಲೆ ದೇವರಾಯನದುರ್ಗವೂ ಇಲ್ಲ, ನಾಮದ ಚಿಲುಮೆಯೂ ಇಲ್ಲ. ನಮ್ಮ ಎದೆ ಇನ್ನಷ್ಟು ಹೊಡೆದುಕೊಳ್ಳಲಿ ಎಂದು ಅತ್ತೆ ಹುಲಿಯನ್ನು ನಮ್ಮ ಜಿಲ್ಲೆಗೆ ಕರೆತಂದಿದ್ದರು. ಸ್ವಾಮಿಯ ಅಜ್ಜಿ ನಮ್ಮ ಅಜ್ಜಿಯ ಗಾದೆಗಳನ್ನು ಹೇಳುತ್ತಿದ್ದುದೂ ಅತ್ತೆಯ ಬಾಯಲ್ಲೇ.

ಆಗಲೂ ನನಗೆ ರಾಜಮ್‌ನ ಬಗ್ಗೆ ಅನುಮಾನ ಬರಲಿಲ್ಲ. ಸ್ವಾಮಿಯ ಕಂತುಗಳನ್ನೆಲ್ಲ ನೋಡಿ ಮುಗಿಸಿದೆ, ರಜೆಯ ಕಂತು ಬರಲಿಲ್ಲ. ಯಾವುದೋ ಭಾಗ ಬಿಟ್ಟುಹೋಗಿರಬೇಕೆಂದು ಬೇರೆ ಕಡೆ ಹುಡುಕಿದೆ. ಕಂತುಗಳ ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ಓದಿದೆ. ಕೊನೆಗೆ 1935ರಲ್ಲಿ ಬಂದ ನಾರಾಯಣರ ಮೂಲ ಕಾದಂಬರಿಯನ್ನೇ ತರಿಸಿ ಓದಿದೆ. ಅಲ್ಲಿ ಕಥೆ ನಿಲ್ದಾಣದಲ್ಲೇ ಮುಗಿಯುತ್ತದೆ. ರಾಜಮ್ ಕಾಗದ ಬರೆಯುತ್ತಾನಾ ಎಂದು ಸ್ವಾಮಿ ಕೇಳುತ್ತಾನೆ, ಬರೆಯುತ್ತಾನೆ ಎನ್ನುವ ಇನ್ನೊಬ್ಬ ಗೆಳೆಯ ಮಣಿಯ ಮುಖ ನೋಡಿದರೆ ಅದು ನಿಜವೋ ಸುಳ್ಳೋ ತಿಳಿಯುವುದಿಲ್ಲ. ಅಲ್ಲಿಗೆ ಮುಗಿಯಿತು. ರಾಜಮ್ ಮರಳಿ ಬರುವುದೇ ಇಲ್ಲ.

ಅತ್ತೆಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ್ದಾರೆ, ಊರಿನಲ್ಲೇ ಇದ್ದಾರೆ. "ಹೇಳಿದ್ದೆನೇನೋ ಕಣಪ್ಪ" ಎಂದರು. ಸ್ವಲ್ಪ ತಡೆದು, "ನೀನು ಎರಡು ಹೊತ್ತು ಊಟ ಬಿಟ್ಟಿದ್ದೆಯಲ್ಲ" ಎಂದರು. ಎರಡು ಹೊತ್ತು ಎಂಬುದು ನನಗೆ ಮರೆತುಹೋಗಿತ್ತು.

ಇದಾಗಿ ಕೆಲವು ದಿನಗಳ ಮೇಲೆ 'ದಿ ಮಿಸ್ಸಿಂಗ್ ಮೇಲ್' ಕಥೆಯ ಕಂತು ನೋಡಿದೆ. ಅದು ನನ್ನ ನೆನಪಿನಲ್ಲಿ ಚೂರೂ ಇರಲಿಲ್ಲ, ಎಂಟು ವರ್ಷದ ಹುಡುಗನಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ತಾನಪ್ಪ ಎಂಬ ಅಂಚೆಯವನು. ಕಾಗದ ಕೊಟ್ಟು ಹೋಗುವವನಲ್ಲ, ಕಾಗದದಲ್ಲಿ ಏನು ಬಂತೆಂದು ಕೇಳಿ, ಮನೆಯವರ ಸುಖದುಃಖದಲ್ಲಿ ಪಾಲು ತೆಗೆದುಕೊಂಡು ಮುಂದಿನ ಮನೆಗೆ ಹೋಗುವವನು. ಒಂದು ಮನೆಯಲ್ಲಿ ಮಗಳ ಮದುವೆ ಕೂಡಿಬರಲು ಅವನ ಸಲಹೆಯೇ ಕಾರಣ. ಮುಹೂರ್ತ ತಪ್ಪಿದರೆ ಸಂಬಂಧವೇ ಕೈತಪ್ಪುತ್ತದೆ. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರ ಸಾವಿನ ಸುದ್ದಿ ಅಂಚೆಯಲ್ಲಿ ಬರುತ್ತದೆ. ತಾನಪ್ಪ ಅದನ್ನು ಕೊಡುವುದಿಲ್ಲ. ಮದುವೆ ನಡೆದು ಹುಡುಗಿ ಗಂಡನ ಮನೆ ಸೇರಿದ ಮೇಲೆ ತಂದು ಕೈಗಿಡುತ್ತಾನೆ, ನನ್ನ ಮೇಲೆ ದೂರು ಕೊಡಬಹುದು, ನನ್ನ ಕೆಲಸ ಹೋಗಬಹುದು ಎಂದು ತಾನೇ ಹೇಳುತ್ತಾನೆ. ಹುಡುಗಿಯ ತಂದೆ ದೂರು ಕೊಡುವುದಿಲ್ಲ. ಆದರೆ ಸರಿ ಮಾಡಿದೆ ಎಂದೂ ಹೇಳುವುದಿಲ್ಲ.

ಆ ಕಂತನ್ನು ಅಂದೇ ಎರಡು ಸಲ ನೋಡಿದೆ. ನಾರಾಯಣರು ತಾನಪ್ಪನನ್ನು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಪ್ರೀತಿಯಿಂದ ಸುದ್ದಿಯನ್ನು ಮುಚ್ಚಿಡುವವರು ಏನನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದನ್ನು ಅಷ್ಟು ಸಣ್ಣ ಕಥೆಯಲ್ಲಿ ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಅತ್ತೆ ಆ ಕಂತನ್ನು ನಮಗೆ ಹೇಳುವಾಗ ಕೈಯಲ್ಲಿ ಕಾಳು ಹಿಡಿದು ಎಷ್ಟು ಹೊತ್ತು ಕೂತಿದ್ದರೋ, ನಾನು ನೋಡಲಿಲ್ಲ. ಎಲ್ಲೋ ಆಟವಾಡುತ್ತಿದ್ದೆನೇನೋ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಧಾರಾವಾಹಿಯನ್ನು ಖಂಡಿತ ನೋಡಿ. ಆದರೆ ನೋಡುವುದಕ್ಕೆ ಮೊದಲು, ಆಗ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ನೆನಪು ಮಾಡಿಕೊಳ್ಳಿ. ಅವರು ಇದ್ದರೆ ಒಂದು ಕಂತನ್ನಾದರೂ ಅವರ ಜೊತೆ ನೋಡಿ. ನಿಮಗೆ ನೆನಪಿರುವುದರಲ್ಲಿ ಟಿವಿಯಲ್ಲಿ ಬಂದದ್ದೆಷ್ಟು, ಅವರಿಂದ ಬಂದದ್ದೆಷ್ಟು ಎಂಬುದು ಅವರನ್ನು ಕೇಳದೆ ತಿಳಿಯುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆಯನ್ನು ಅರಸಾಳಿಗೆ ಕರೆದುಕೊಂಡು ಹೋಗಿದ್ದೆ. ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ರೈಲು ದಾರಿಯಲ್ಲಿದೆ. ಧಾರಾವಾಹಿಯ ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ಮೀಟರ್ ಗೇಜ್ ಹೋಗಿ ದೊಡ್ಡ ಹಳಿ ಬಂದ ಮೇಲೆ ಹಳೆಯ ಕಟ್ಟಡ ಪಾಳು ಬಿದ್ದಿತ್ತು. ಅಂದು ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಮುಂದೆ ನಿಂತು ಅದನ್ನು ಮಾಲ್ಗುಡಿ ಸಂಗ್ರಹಾಲಯವಾಗಿ ಸಿದ್ಧಪಡಿಸಿದರು, 2020ರಲ್ಲಿ ತೆರೆಯಿತು. ಅತ್ತೆ ಒಂದೊಂದು ಚಿತ್ರದ ಮುಂದೆಯೂ ನಿಂತರು. ಶಂಕರ್ ನಾಗ್ ಚಿತ್ರದ ಮುಂದೆ ಸೆರಗು ಸರಿಪಡಿಸಿಕೊಂಡು ಕೈ ಮುಗಿದರು. ಆಮೇಲೆ ಕಾಲು ನೋವೆಂದು ಹೊರಗಿನ ಬೆಂಚಿನ ಮೇಲೆ ಕೂತರು.

ರೈಲು ಇರಲಿಲ್ಲ. ಹಳಿಯ ಆಚೆ ಮರಗಳಲ್ಲಿ ಏನೋ ಹಕ್ಕಿ ಕೂಗುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಹಳಿಗಳನ್ನೇ ನೋಡುತ್ತಿದ್ದು, "ಇಲ್ಲೇ ಅಲ್ಲವೇನೋ ಆ ಹುಡುಗ ರಜೆಗೆ ಬಂದು ಇಳಿದದ್ದು?" ಎಂದರು.

"ಹೌದು ಅತ್ತೆ, ಇಲ್ಲೇ" ಎಂದೆ.